ಗೆಳತಿಯ ಹೀರೋ ನೀಲಿ, ವಿಲನ್ ಕಪ್ಪು-ಕೆಂಪು: ಎಡವಿದ್ದು ಬಣ್ಣದಲ್ಲಾ, ಕಾನ್ಸೆಪ್ಟ್‌ನಲ್ಲಾ?

ಮುಠಾ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಅನಿಮೇಶನ್ ಓದುತ್ತಿದ್ದೇನೆ, ಎರಡನೇ ವರ್ಷ. ಊರು ಧಾರವಾಡ. ಈ ಸಲ ಕ್ಲಾಸಿನಲ್ಲಿ ಕೊಟ್ಟ ಕೆಲಸ ಇದು: ನೀವು ಈಗ ಇರುವ ಊರಿಗೆ ಒಬ್ಬ ಹೀರೋ, ಒಬ್ಬ ವಿಲನ್ ಮಾಡಿ, ಇಬ್ಬರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ನಿಲ್ಲಿಸಿ. ನಾನು ಕೇಳುತ್ತಿರುವುದು ನನ್ನ ಗೆಳತಿಯ ಕೆಲಸದ ಬಗ್ಗೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಚಿತ್ರ ಹಾಕಬೇಡ, ಮಾತಲ್ಲಿ ಹೇಳು ಅಂದಳು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಹೀರೋ ಹೆಸರು ಧಾರಾ. 19 ವರ್ಷದ ಹುಡುಗಿ, ನೀರು ಅವಳ ಮಾತು ಕೇಳುತ್ತದೆ. ಮೈಗಂಟಿದ ಗಾಢ ನೀಲಿ ಸೂಟ್, ಆಕಾಶ ನೀಲಿ ಕೇಪ್, ಬಿಳಿ ಬೂಟು, ಚಿನ್ನದ ಬಣ್ಣದ ಬೆಲ್ಟ್, ಎದೆಯ ಮೇಲೆ ಹನಿಯ ಗುರುತು. ವಿಲನ್ ಹೆಸರು ಕಾಳಾಸುರ. ತಲೆಯಿಂದ ಕಾಲಿನವರೆಗೆ ಕಪ್ಪು ಕವಚ, ಎರಡು ಕೊಂಬು, ಕೆಂಪು ಕಣ್ಣು, ಒಳಗಡೆ ಕೆಂಪಿರುವ ಕಪ್ಪು ಕೇಪ್. ಇವನು ಬಾವಿಗಳನ್ನು ಒಣಗಿಸುತ್ತಾನೆ. ಹುಡುಗಿಯ ಮೈಬಣ್ಣ ತಿಳಿ, ಇವನದು ಕಡುಕಪ್ಪು.

ಗೆಳತಿಯ ಗೆರೆ ನಮ್ಮ ಕ್ಲಾಸಿನಲ್ಲೇ ಒಳ್ಳೆಯದು. ಧಾರಾ ಪಾತ್ರದ ಕೈಬೆರಳು, ಒದ್ದೆ ಕೂದಲು ನೋಡಿದರೆ ಯಾರಾದರೂ ಒಪ್ಪುತ್ತಾರೆ. ಆದರೆ ಕ್ಲಾಸಿನಲ್ಲಿ ಸಿಕ್ಕಿದ್ದು ಒಂದೇ ಸಾಲು, "ಬಣ್ಣ ಕೂತಿಲ್ಲ, ಮತ್ತೆ ಮಾಡು". ಯಾಕೆ ಕೂತಿಲ್ಲ ಅಂತ ಯಾರೂ ಹೇಳಲಿಲ್ಲ. ಮೂರು ದಿನದಿಂದ ಅವಳು ಸ್ಕೆಚ್‌ಬುಕ್ ತೆರೆದಿಲ್ಲ. ನನಗೂ ಏನೋ ಸರಿಯಿಲ್ಲ ಅನಿಸುತ್ತದೆ, ಇಬ್ಬರೂ ಬೇರೆ ಬೇರೆ ಕಥೆಯಿಂದ ಬಂದು ನಿಂತ ಹಾಗಿದೆ. ಆದರೆ ಅದಕ್ಕೆ ಕಾರಣ ಹೇಳಲು ನನಗೆ ಬರುತ್ತಿಲ್ಲ. ಇನ್ನು 12 ದಿನ ಇದೆ. ದಯವಿಟ್ಟು ನೇರವಾಗಿ ಹೇಳಿ.

ಥಾಣೆ ಲೋಕಲ್

ಒಂಬತ್ತು ವರ್ಷದಿಂದ ಮುಂಬಯಿಯಲ್ಲಿ ಬಣ್ಣದ ಕೆಲಸವನ್ನೇ ಮಾಡುತ್ತಿದ್ದೇನೆ, ಹಿನ್ನೆಲೆಗೂ ಪಾತ್ರಗಳಿಗೂ. "ಕೂತಿಲ್ಲ" ಅನ್ನುವುದು ವಿಮರ್ಶೆ ಅಲ್ಲ. ಎಲ್ಲಿ ಕೂತಿಲ್ಲ ಅಂತ ಬೆರಳಿಟ್ಟು ತೋರಿಸಬೇಕು.

ನೀವು ಹೇಳಿದ್ದರಿಂದಲೇ ನನಗೆ ಕಾಣುವ ಮೊದಲ ತೊಂದರೆ ಇದು. ಧಾರಾಳ ಮೈಮೇಲೆ ನಾಲ್ಕು ಬಣ್ಣ, ನಾಲ್ಕೂ ಪೂರ್ತಿ ಜೋರು. ಗಾಢ ನೀಲಿ ಕೂಗುತ್ತದೆ, ಆಕಾಶ ನೀಲಿ ಕೂಗುತ್ತದೆ, ಬಿಳಿ ಕೂಗುತ್ತದೆ, ಚಿನ್ನದ ಬಣ್ಣವೂ ಕೂಗುತ್ತದೆ. ಕಣ್ಣು ಎಲ್ಲಿ ನಿಲ್ಲಬೇಕು? ಮುಖದ ಮೇಲೆ ನಿಲ್ಲಬೇಕು, ಅಲ್ವಾ? ಆದರೆ ಹಾಳೆಯಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಬೂಟು, ಹಾಗಾಗಿ ನೋಡುವವರು ಮೊದಲು ಕಾಲು ನೋಡುತ್ತಾರೆ. ಒಂದು ಬಣ್ಣ ಮೈಯ ಬಹುಪಾಲು ಹಿಡಿಯಲಿ, ಇನ್ನೊಂದು ಅದರ ಅರ್ಧ, ಮೂರನೆಯದು ಚಿಟಿಕೆಯಷ್ಟು. ಆ ಚಿಟಿಕೆಯನ್ನು ಕಣ್ಣು ಹೋಗಬೇಕಾದ ಕಡೆ ಇಡಿ.

ಎರಡನೆಯದು ಕಾಳಾಸುರನ ಕಪ್ಪು. ಕಪ್ಪು ಕವಚದ ಮೇಲೆ ಕಪ್ಪು ಕೇಪ್, ಒಳಗೆ ಕಪ್ಪು ಮೈ. ಅವಳು ಕವಚದ ಪಟ್ಟಿಗಳನ್ನು ಎಷ್ಟು ಕಷ್ಟಪಟ್ಟು ಬಿಡಿಸಿದ್ದಾಳೋ, ಅದೆಲ್ಲ ಮುಳುಗಿಹೋಗಿರುತ್ತದೆ. ಉಳಿಯುವುದು ಒಂದು ಕೊಂಬಿನ ನೆರಳು, ಎರಡು ಕೆಂಪು ಚುಕ್ಕಿ.

ಒಂದು ಪರೀಕ್ಷೆ ಮಾಡಿ. ಕಣ್ಣು ಅರ್ಧ ಮುಚ್ಚಿ ನೋಡಿ, ಆಮೇಲೆ ಹಾಳೆಯನ್ನು ಕಪ್ಪು-ಬಿಳುಪು ಮಾಡಿ ನೋಡಿ. ಇಬ್ಬರೂ ಆಗಲೂ ಬೇರೆ ಬೇರೆ ಕಾಣುತ್ತಾರಾ ಹೇಳಿ.

ಮುಠಾ ದಂಡೆ

ಮಾಡಿದೆ ಅಣ್ಣ. ಅವಳ ಫೈಲ್ ತೆಗೆದು, ಬಣ್ಣ ತೆಗೆದು ಬೂದು ಮಾಡುವ ಡಿಸ್ಯಾಚುರೇಟ್ ಕಮಾಂಡ್ ಕೊಟ್ಟೆ. ಗಾಢ ನೀಲಿ ಸೂಟ್, ಚಿನ್ನದ ಬೆಲ್ಟ್, ಕೇಪಿನ ಒಳಗಿನ ಕೆಂಪು, ಮೂರೂ ಹೆಚ್ಚುಕಡಿಮೆ ಒಂದೇ ಬೂದು. ಅಂದರೆ ಅವಳು ಪೂರ್ತಿ ಮೊದಲಿಂದ ಶುರು ಮಾಡಬೇಕಾ?

ಥಾಣೆ ಲೋಕಲ್

ತಡೆಯಿರಿ, ಅದನ್ನು ಅವಳಿಗೆ ಹೇಳಬೇಡಿ. ಆ ಕಮಾಂಡ್ ನಂಬುವ ಹಾಗಿಲ್ಲ. ಫೋಟೋಶಾಪಿನ ಡಿಸ್ಯಾಚುರೇಟ್ ಪ್ರತಿ ಬಣ್ಣದೊಳಗಿನ ಕೆಂಪು, ಹಸಿರು, ನೀಲಿ ಮೂರರ ಅಳತೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಂಕಿ ಮತ್ತು ಎಲ್ಲಕ್ಕಿಂತ ಕಡಿಮೆ ಅಂಕಿ ತೆಗೆದುಕೊಂಡು ಅದರ ನಡುವಿನದನ್ನು ಹಾಕುತ್ತದೆ. ಹಾಗಾಗಿ ಅಪ್ಪಟ ಹಳದಿಯೂ ಅಪ್ಪಟ ನೀಲಿಯೂ ಅದರಲ್ಲಿ ಒಂದೇ ಬೂದು ಆಗಿಬಿಡುತ್ತವೆ. ನಮ್ಮ ಕಣ್ಣು ಹಾಗೆ ನೋಡುವುದಿಲ್ಲ. ಪರದೆಯ ಬೆಳಕಿನಲ್ಲಿ ಹೊಳಪು ಕಾಣುವುದಕ್ಕೆ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%. ಅದಕ್ಕೇ ಹಳದಿ ಬಿಳಿಯ ಹತ್ತಿರ ಇರುತ್ತದೆ, ಅಪ್ಪಟ ನೀಲಿ ಕಪ್ಪಿನ ಹತ್ತಿರ ಇರುತ್ತದೆ.

ಎಲ್ಲಕ್ಕಿಂತ ಮೇಲೆ ಒಂದು ಹೊಸ ಲೇಯರ್ ಹಾಕಿ, ಬೂದು ತುಂಬಿ, ಅದರ ಮೋಡ್ ಅನ್ನು ಕಲರ್ ಮಾಡಿ. ಆಗ ಸರಿಯಾದ ಬೆಳಕು-ಕತ್ತಲೆ ಕಾಣುತ್ತದೆ. ಬೆಲ್ಟ್ ಎದ್ದು ಬರುತ್ತದೆ, ಸೂಟ್ ಕೆಳಗಿಳಿಯುತ್ತದೆ. ಆಗ ಕಾಣುವ ನಿಜವಾದ ತೊಂದರೆ ಬೇರೆ: ಧಾರಾಳ ಸೂಟ್ ಇಷ್ಟು ಕಡು ಆಗಿರುವುದರಿಂದ ಅದು ಕಾಳಾಸುರನ ಕವಚದ ಪಕ್ಕಕ್ಕೇ ಹೋಗಿ ಕೂತಿರುತ್ತದೆ.

ಮುಠಾ ದಂಡೆ

ಹೌದು. ಈಗ ಮಾಡಿ ನೋಡಿದೆ. ನೀವು ಹೇಳಿದ ಹಾಗೆಯೇ ಇದೆ. ಸೂಟ್ ಮತ್ತು ಕವಚ ಹತ್ತಿರ ಹತ್ತಿರ, ಬೂಟು ಮಾತ್ರ ಬಲ್ಬ್ ಹಚ್ಚಿದ ಹಾಗೆ.

ದಾದರ್ ಆಫ್‌ಸೆಟ್

ಹಾಳೆ ಪ್ರಿಂಟ್ ಮಾಡಿ ಕೊಡಬೇಕಾ? ಹಾಗಿದ್ದರೆ ಒಂದು ಮಾತು. ಪರದೆಯ ಮೇಲಿನ ಆ ಗಾಢ ನೀಲಿ ಅಚ್ಚಿನಲ್ಲಿ ಬರುವುದಿಲ್ಲ. ಅಚ್ಚಿನ ನಾಲ್ಕು ಶಾಯಿಯಲ್ಲಿ (ಸಯಾನ್ ಅಂದರೆ ತಿಳಿ ನೀಲಿ, ಮೆಜೆಂಟಾ ಅಂದರೆ ಕಡು ಗುಲಾಬಿ, ಹಳದಿ, ಕಪ್ಪು) ಅದು ಮಂಕಾಗಿ ನೇರಳೆ ಕಡೆಗೆ ತಿರುಗುತ್ತದೆ. ಆಕಾಶ ನೀಲಿ ಕೇಪ್ ಪರವಾಗಿಲ್ಲ, ಅದು ಸಯಾನ್ ಶಾಯಿಯ ಹತ್ತಿರದ ಬಣ್ಣ. ಎಷ್ಟೋ ಮಕ್ಕಳು ಕೊನೆಯ ದಿನ ನಮ್ಮಲ್ಲಿ ಪ್ರಿಂಟ್ ತೆಗೆಸಿ ಅಳುವ ಹಾಗೆ ನಿಲ್ಲುತ್ತಾರೆ. ಎರಡು ದಿನ ಮುಂಚೆ ಒಂದು ಸಣ್ಣ ಪ್ರೂಫ್, ಅಂದರೆ ಪರೀಕ್ಷೆಯ ಪ್ರಿಂಟ್, ತೆಗೆಸಿ ನೋಡಿ.

ಇನ್ನೊಂದು. ಹೀರೋ ಅಂದರೆ ನೀಲಿ, ಕೆಂಪು, ಹಳದಿ. ವಿಲನ್ ಅಂದರೆ ಹಸಿರು, ನೇರಳೆ, ಕಪ್ಪು. ಈ ಲೆಕ್ಕ ಎಲ್ಲಿಂದ ಬಂತು ಅಂತ ಗೊತ್ತಿರಲಿ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಅಮೆರಿಕದಲ್ಲಿ ಕಾಮಿಕ್ಸ್ ಪುಸ್ತಕಗಳು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ, ಚುಕ್ಕಿ ಚುಕ್ಕಿಯಾಗಿ, ನಾಲ್ಕು ಶಾಯಿಯಲ್ಲಿ ಅಚ್ಚಾಗುತ್ತಿದ್ದವು. ಅಂಥ ಕಾಗದದ ಮೇಲೆ ಗಟ್ಟಿಯಾಗಿ ನಿಲ್ಲುವ ಬಣ್ಣಗಳು ಕೆಲವೇ. 1962ರಲ್ಲಿ ಬಂದ ಹಲ್ಕ್ ಎಂಬ ಕಾಮಿಕ್ಸ್ ಪಾತ್ರ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು. ಆ ಬೂದು ಪುಟಪುಟಕ್ಕೂ ಬೇರೆ ಬೇರೆಯಾಗಿ ಅಚ್ಚಾಯಿತು ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿದರು. ಅಂದರೆ ಆ ಬಣ್ಣಗಳ ಹಿಂದೆ ಅವರ ಪ್ರೆಸ್ಸಿನ ಕಷ್ಟವೂ ಇತ್ತು. ನಿಮ್ಮ ಗೆಳತಿಗೆ ಆ ಕಷ್ಟ ಇಲ್ಲ. ಹಾಗಿರುವಾಗ ಅದೇ ಬಣ್ಣ ಯಾಕೆ ಹೊರಬೇಕು?

ಚೌಕಿಯ ದೀಪ

ನಾನು ಕುರ್ಲಾದಲ್ಲಿರುವುದು. ಮೂಲ ಕುಂದಾಪುರದ ಕಡೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಯಕ್ಷಗಾನದ ವೇಷ ಕಟ್ಟಿದವರು, ನಾನೂ ಚಿಕ್ಕಂದಿನಲ್ಲಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಅರೆದು ಕೊಟ್ಟವನು. ದಾದರಿನವರ ಮಾತು ಓದಿ ಬರೆಯಬೇಕು ಅನಿಸಿತು.

ಯಕ್ಷಗಾನದ ತೆಂಕಣ ಶೈಲಿ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಕ್ಕೆ ಹೆಸರೇ "ಬಣ್ಣದ ವೇಷ". ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನ ಹಾಗೆ ಒಂದೊಂದೇ ಚಿಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಕೆಲಸ ಅದು. ಮುಖದ ಮೇಲೆ ಕಪ್ಪು ಇದೆ, ಕೆಂಪೂ ಇದೆ. ಆದರೆ ಆ ಕಪ್ಪನ್ನು ಬಿಳಿ ಚಿಟ್ಟಿ ಎತ್ತಿ ಹಿಡಿಯುತ್ತದೆ. ದೊಂದಿ ಬೆಳಕಿನ ಕಾಲದಲ್ಲಿ ದೂರ ಕೂತವರಿಗೂ ಹುಬ್ಬು, ಮೂಗು, ಕೆನ್ನೆ ಕಾಣಬೇಕಿತ್ತಲ್ಲ. ಬರೀ ಕಪ್ಪು ಬಳಿದಿದ್ದರೆ ಆ ವೇಷ ರಾತ್ರಿಯೊಳಗೆ ಕರಗಿಹೋಗುತ್ತಿತ್ತು. ಥಾಣೆಯವರು ಕಾಳಾಸುರನ ಬಗ್ಗೆ ಹೇಳಿದ್ದೂ ಇದನ್ನೇ.

ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಪಕ್ಕದ ಕೇರಳದ ಕಥಕಳಿಯಲ್ಲಿ ಹಸಿರು ಮುಖ ಅಂದರೆ ಪಚ್ಚ, ರಾಮ, ಅರ್ಜುನನಂಥ ಒಳ್ಳೆಯ ನಾಯಕರದು. ರಾವಣನಿಗೆ ಏನು ಬಣ್ಣ ಗೊತ್ತಾ? ಅವನಿಗೂ ಹಸಿರೇ. ಆ ಹಸಿರಿನ ಮೇಲೆ ಕೆನ್ನೆಯಲ್ಲಿ ಮೇಲಕ್ಕೆ ಬಾಗಿದ ಕತ್ತಿಯಂಥ ಕೆಂಪು ಪಟ್ಟಿ, ಮೂಗಿನ ತುದಿಗೆ ಹಣೆಗೆ ಬಿಳಿ ಗುಂಡು. ಆ ವೇಷದ ಹೆಸರೇ ಕತ್ತಿ. ಅವನು ಹುಟ್ಟಿನಲ್ಲಿ, ವಿದ್ಯೆಯಲ್ಲಿ ದೊಡ್ಡವನು, ಅಹಂಕಾರ ಅವನನ್ನು ಕೊಯ್ದಿದೆ. ಅದಷ್ಟನ್ನೂ ಒಂದು ಹಸಿರು, ಒಂದು ಕೆಂಪು ಹೇಳಿಬಿಡುತ್ತವೆ. ನಾಯಕನ ಬಣ್ಣವನ್ನೇ ಖಳನಿಗೂ ಕೊಟ್ಟು, ಅದರಲ್ಲಿ ಒಂದು ಗಾಯ ಮಾಡಿದ್ದಾರೆ.

ನಿಮ್ಮ ಗೆಳತಿಯ ಹಾಳೆಯಲ್ಲಿ ಇಬ್ಬರ ನಡುವೆ ಒಂದೂ ಬಣ್ಣ ಸಮಾನ ಇಲ್ಲ. ಅದಕ್ಕೇ ನಿಮಗೆ ಬೇರೆ ಬೇರೆ ಕಥೆಯಿಂದ ಬಂದವರ ಹಾಗೆ ಕಂಡದ್ದು.

ವಾಸ್ಕೋ ಬಾಲ್ಕನಿ

ಗೋವಾದಿಂದ. ಚೌಕಿಯ ದೀಪ ಅಣ್ಣ, ಎಷ್ಟು ಚೆನ್ನಾಗಿ ಹೇಳಿದಿರಿ.

ನಮ್ಮಲ್ಲಿ ದೀಪಾವಳಿಯ ಹಿಂದಿನ ರಾತ್ರಿ ಓಣಿ ಓಣಿಗೆ ನರಕಾಸುರ ನಿಲ್ಲುತ್ತಾನೆ. ಬಿದಿರು, ಹುಲ್ಲು, ಕಾಗದದಲ್ಲಿ ಕಟ್ಟಿ, ಬೆಳಗಿನ ಜಾವ ಸುಡುತ್ತೇವೆ. ನಮ್ಮಪ್ಪ ವಿಜಯಪುರದಿಂದ ಇಲ್ಲಿಗೆ ಕೆಲಸಕ್ಕೆ ಬಂದವರು, ನಾನು ಇಲ್ಲೇ ಹುಟ್ಟಿದವನು, ಹತ್ತು ವರ್ಷದವನಿದ್ದಾಗಿನಿಂದ ಓಣಿಯ ಹುಡುಗರ ಜೊತೆ ಆ ಮುಖಕ್ಕೆ ಕಾಗದ ಅಂಟಿಸುತ್ತಿದ್ದೇನೆ. ತಿಂಗಳುಗಟ್ಟಲೆ ಕೆಲಸ, ಎಲ್ಲ ದುಡ್ಡು ನರಕಾಸುರನಿಗೇ. ಕೃಷ್ಣ ಎಷ್ಟೋ ಕಡೆ ಪಕ್ಕದಲ್ಲಿ ಒಂದು ಸಣ್ಣ ಗೊಂಬೆ, ಅದೂ ಕೊನೆಯ ಸಂಜೆ ನೆನಪಾಗಿ ಮಾಡಿದ್ದು. ಇಲ್ಲಿ ಹಿರಿಯರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ, ಅದು ನ್ಯಾಯವೇ.

ನಾನು ಕಲಿತದ್ದು ಇಷ್ಟು. ಬರೀ ಕಪ್ಪು ಬಳಿದ ನರಕಾಸುರನನ್ನು ಯಾರೂ ನಿಂತು ನೋಡುವುದಿಲ್ಲ. ಬೀದಿದೀಪದ ಕೆಳಗೆ ಅವನು ಒಂದು ದೊಡ್ಡ ಕತ್ತಲೆ ಅಷ್ಟೆ. ಒಂದು ವರ್ಷ ನಾವು ಮೈಗೆ ಹಳೇ ತಾಮ್ರದ ಪಾತ್ರೆಯ ಬಣ್ಣ ಕೊಟ್ಟೆವು, ಕಿಲುಬು ಹಿಡಿದ ಹಸಿರು ಮೂಲೆಗಳಲ್ಲಿ. ಅವತ್ತು ಚಿಕ್ಕ ಮಕ್ಕಳು ಮುಟ್ಟಿ ನೋಡಲು ಬಂದರು. ಅವನು ಯಾವ ವಸ್ತುವಿನಿಂದ ಆದವನು ಅಂತ ಮೊದಲು ಯೋಚಿಸಿದ್ದರಿಂದ ಬಣ್ಣ ತಾನಾಗಿ ಸಿಕ್ಕಿತು. ಕಾಳಾಸುರ ಯಾವುದರಿಂದ ಆದವನು? ಅದನ್ನು ಅವಳನ್ನು ಕೇಳಿ.

ಅಂಧೇರಿ ಟೀಚರ್

ಎಲ್ಲರ ಮಾತೂ ಓದಿದೆ. ಆದರೆ ನಾನು ಸ್ವಲ್ಪ ಆ ಹುಡುಗಿಯ ಪರ ನಿಲ್ಲುತ್ತೇನೆ. ನಾನು ಮಕ್ಕಳಿಗೆ ಚಿತ್ರ ಕಲಿಸುವವಳು. ಏಳೆಂಟು ವರ್ಷದ ಮಕ್ಕಳಿಗೆ ಒಂದು ಕ್ಷಣದಲ್ಲಿ ಗೊತ್ತಾಗಬೇಕು, ಇವನಿಗೆ ಹೆದರಬೇಕಾ, ಇವಳ ಹಿಂದೆ ಓಡಬೇಕಾ ಅಂತ. ಕಪ್ಪು-ಕೆಂಪು ಆ ಕೆಲಸ ಮಾಡುತ್ತದೆ. ಗಾಯ, ಅಹಂಕಾರ ಎಲ್ಲ ದೊಡ್ಡವರಿಗೆ. ಯಾರಿಗಾಗಿ ಮಾಡುತ್ತಿದ್ದಾಳೆ ಅಂತ ಕೇಳದೆ ಕಪ್ಪು-ಕೆಂಪು ತಪ್ಪು ಅನ್ನಬೇಡಿ.

ನನ್ನ ತಕರಾರು ಬೇರೆ, ಮತ್ತು ಅದು ಗಟ್ಟಿ ತಕರಾರು. ಮೈಬಣ್ಣ. ಹೀರೋ ತಿಳಿ, ವಿಲನ್ ಕಡುಕಪ್ಪು. ನನ್ನ ಕ್ಲಾಸಿನಲ್ಲಿ ಮಕ್ಕಳು ಕ್ರೆಯಾನ್ ಡಬ್ಬಿಯಿಂದ ಆ ತಿಳಿ ಗುಲಾಬಿ ಕಡ್ಡಿ ತೆಗೆದು "ಟೀಚರ್ ಸ್ಕಿನ್ ಕಲರ್" ಅನ್ನುತ್ತಾರೆ. ಹಾಗನ್ನುವ ಮಗುವಿನ ಕೈಯೇ ಕಂದು ಬಣ್ಣದ್ದು. ಕಳ್ಳನನ್ನು ಬರೆಯಿರಿ ಅಂದರೆ ಮಾತ್ರ ಕಂದು ಕಡ್ಡಿ ಹೊರಗೆ ಬರುತ್ತದೆ. ಇದು ಅವರಿಗೆ ಎಲ್ಲಿಂದ ಬಂತು? ನಾವು ಬರೆದು ಕೊಟ್ಟ ಚಿತ್ರಗಳಿಂದ. ಕೃಷ್ಣ ಅಂದರೇ ಕಪ್ಪು ಅಂತ ಅರ್ಥ. ಅವನನ್ನು ಪೂಜೆ ಮಾಡುವ ನಾವೇ ರಾಕ್ಷಸನನ್ನು ಬರೆಯುವಾಗ ಕಪ್ಪು ಮೈ ಹಚ್ಚುತ್ತೇವೆ. ಕವಚ ಕಪ್ಪಿರಲಿ, ಅದು ಬಟ್ಟೆ. ಮೈ ಬಿಟ್ಟುಬಿಡಲಿ.

ಮುಠಾ ದಂಡೆ

ಮೇಡಂ, ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಅವಳೂ ಗಮನಿಸಿಲ್ಲ ಅಂತ ನನಗೆ ಗೊತ್ತು. ಅವಳದೂ ಕಪ್ಪು ಮೈಬಣ್ಣವೇ. ಈ ಮಾತನ್ನು ಅವಳಿಗೆ ಹೇಗೆ ಹೇಳಲಿ?

ಅಂಧೇರಿ ಟೀಚರ್

ನೇರವಾಗಿ ಹೇಳಪ್ಪ. "ಧಾರಾಳಿಗೆ ನಿನ್ನ ಬಣ್ಣ ಯಾಕೆ ಕೊಡಲಿಲ್ಲ?" ಅಂತ ಕೇಳು. ಬೇರೇನೂ ಸೇರಿಸಬೇಡ.

ಪೇಠೆಯ ಹಳಬ

ಮಕ್ಕಳೇ, ನಾನು ಚಿತ್ರಗಾರ ಅಲ್ಲ. ನೀರಾವರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ನಮ್ಮಪ್ಪ ಗದಗ ಕಡೆಯಿಂದ ಪುಣೆಗೆ ಬಂದರು, ನಾನು ಇಲ್ಲಿನ ಪೇಠೆಯಲ್ಲೇ ಬೆಳೆದೆ. ಪುಣೆಯ ನೀರಿನ ಹೀರೋ ಅಂತ ಓದಿ ಸುಮ್ಮನಿರಲು ಆಗಲಿಲ್ಲ.

ಪುಣೆಯಲ್ಲಿ ನೀರು ಬರೀ ಒಳ್ಳೆಯದು ಅಂತ ಹೇಗೆ ಹೇಳುತ್ತೀರಿ? 1961ರ ಜುಲೈ 12. ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರು ಬಂದು ಕೆಳಗಿನ ಖಡಕವಾಸ್ಲಾ ಅಣೆಕಟ್ಟನ್ನೂ ಒಡೆಯಿತು. ಮುಠಾ ನದಿ ಪೇಠೆಗಳ ಒಳಗೆ ನುಗ್ಗಿತು. ನನಗಾಗ 9 ವರ್ಷ. ನೀರು ಇಳಿದ ಮೇಲೆ ಮನೆಗೆ ಬಂದಾಗ ನಾನು ನೋಡಿದ ಬಣ್ಣ ನೀಲಿ ಅಲ್ಲ. ಗೋಡೆ, ಕಪಾಟು, ದೇವರ ಗೂಡು, ಅಮ್ಮನ ಸೀರೆ, ನನ್ನ ಪಾಟಿ, ಎಲ್ಲ ಒಂದೇ ಬಣ್ಣ. ಕೆಸರಿನ ಬಣ್ಣ. ಒಣಗಿದ ಮೇಲೆ ಬಿರುಕು ಬಿಟ್ಟಿತು. ಎಷ್ಟು ತೊಳೆದರೂ ಗೋಡೆಯ ಒಂದು ಎತ್ತರದವರೆಗೆ ಆ ಕಲೆ ಉಳಿದಿತ್ತು. ನಮ್ಮಮ್ಮ ಕೊನೆಯವರೆಗೂ ಜೋರು ಮಳೆ ಬಂದರೆ ರಾತ್ರಿ ಎದ್ದು ಕೂರುತ್ತಿದ್ದಳು.

ಇನ್ನೊಂದು ವಿಷಯ, ನಿಮಗೆ ಉಪಯೋಗ ಆಗಬಹುದು. ಇಲ್ಲಿ ನದಿ ಪಕ್ಕದ ನಕಾಶೆಗಳಲ್ಲಿ ಎರಡು ಗೆರೆ ಎಳೆಯುತ್ತೇವೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಎಲ್ಲಿಯವರೆಗೆ ಏರುತ್ತದೋ ಅದು ನೀಲಿ ಗೆರೆ. 100 ವರ್ಷಕ್ಕೊಮ್ಮೆ ಬರಬಹುದಾದ್ದು ಕೆಂಪು ಗೆರೆ. ಈ ಊರಿನ ಮಟ್ಟಿಗೆ ನೀಲಿಗೂ ಕೆಂಪಿಗೂ ನದಿಯೇ ಅರ್ಥ ಕೊಟ್ಟಿದೆ. ಎರಡೂ ಅದೇ ನೀರಿನ ಗೆರೆಗಳು.

ಥಾಣೆ ಲೋಕಲ್

ಕಾಕಾ, ಇಷ್ಟು ವರ್ಷ ಬಣ್ಣದ ಕೆಲಸ ಮಾಡಿದವನಿಗೆ ಇವತ್ತು ಹೊಸದೊಂದು ಕೊಟ್ಟಿರಿ.

ದಂಡೆ, ಇದನ್ನೆಲ್ಲ ಅವಳಿಗೆ ಓದಿ ಹೇಳಿ. ಬಾವಿ ಒಣಗಿಸುವವನು ಯಾಕೆ ಒಣಗಿಸುತ್ತಾನೆ? ನೀವು ಹೇಳಿದ ವಿವರದಲ್ಲಿ ಕಾರಣವೇ ಇಲ್ಲ. ಕೆಟ್ಟವನು, ಹಾಗಾಗಿ ಒಣಗಿಸುತ್ತಾನೆ ಅಷ್ಟೆ. ಕಾರಣ ಇಲ್ಲದವನಿಗೆ ಬಣ್ಣ ಹುಡುಕಿದರೆ ಸಿಗುವುದು ಕಪ್ಪು-ಕೆಂಪೇ. ನೀರಿನ ಭಯದಿಂದ ಒಬ್ಬ ವಿಲನ್ ಹುಟ್ಟಿದರೆ? ಆ ನೆರೆಯಲ್ಲಿ ಮನೆಯವರನ್ನು ಕಳೆದುಕೊಂಡವನು. ಇನ್ನು ಮುಂದೆ ಒಂದು ಹನಿಯೂ ತನ್ನಿಷ್ಟಕ್ಕೆ ಹರಿಯಬಾರದು ಅಂತ ಹೊರಟವನು.

ಸೊಲ್ಲಾಪುರ ಚಾದರ

ನಮಸ್ಕಾರ. ಆ ಹಾಳೆ ನನ್ನದೇ. ಅವನು ಎಲ್ಲ ಓದಿ ಹೇಳಿದ, ಆಮೇಲೆ ನಾನೇ ಕೂತು ಓದಿದೆ. ಟೀಚರ್ ಹೇಳಿಕೊಟ್ಟ ಪ್ರಶ್ನೆಯನ್ನೂ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಆದರೆ ಕಾರಣ ಇಲ್ಲ ಅಂದಿರಲ್ಲ, ಅದಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ನಾನು ಸೊಲ್ಲಾಪುರದವಳು. ನಮ್ಮ ಓಣಿಯಲ್ಲಿ ನಳ ನಾಲ್ಕೈದು ದಿನಕ್ಕೊಮ್ಮೆ. ಮನೆ ತುಂಬ ಡ್ರಮ್ಮು, ಕೊಡ, ಬಕೆಟ್. ನೀರು ಬರುವ ದಿನ ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುತ್ತಿದ್ದಳು. ಅಜ್ಜಿಯ ಊರಲ್ಲಿ ಒಂದು ಬಾವಿ ಇದೆ. ಏಪ್ರಿಲ್‌ನಲ್ಲಿ ಅದರೊಳಗೆ ಬಗ್ಗಿ ನೋಡಿದರೆ ತಳ ಕಾಣುವುದಿಲ್ಲ, ಬರೀ ಕಪ್ಪು. ಕಲ್ಲು ಹಾಕಿದರೆ ಒಣ ಸದ್ದು ಬರುತ್ತದೆ. ಕಾಳಾಸುರನ ಕಪ್ಪು ಅದು. ನನಗೆ ಚಿಕ್ಕಂದಿನಿಂದ ಹೆದರಿಕೆ ಅಂದರೆ ಆ ಕಪ್ಪೇ. ಕಾಕಾ ಹೇಳಿದ ನೆರೆ ನನಗೆ ಗೊತ್ತೇ ಇರಲಿಲ್ಲ. ನೀರು ಜಾಸ್ತಿಯಾಗಿ ಜನ ಅಳುತ್ತಾರೆ ಅನ್ನುವುದೇ ನನಗೆ ದೂರದ ಮಾತು.

ಚೌಕಿಯ ದೀಪ

ಅಯ್ಯೋ ತಂಗೀ, ಇಷ್ಟು ದೊಡ್ಡದನ್ನು ಒಳಗಿಟ್ಟುಕೊಂಡು ಹೊರಗೆ ಕೊಂಬು ಬರೆದೆಯಲ್ಲ. ಆ ಬಾವಿ ಹಾಳೆಯ ಮೇಲೆ ಎಲ್ಲಿದೆ? ನೋಡುವವರಿಗೆ ಕಾಣುವುದು ಕೊಂಬು. ಕೊಂಬು ನೂರು ಜನ ಬರೆದಿದ್ದಾರೆ. ಆ ಬಾವಿ ನಿನಗೆ ಮಾತ್ರ ಗೊತ್ತು.

ಅಂಧೇರಿ ಟೀಚರ್

ನಾನು ಮುಂಚೆ ಹೇಳಿದ್ದನ್ನು ಸ್ವಲ್ಪ ಬದಲಾಯಿಸುತ್ತೇನೆ. ತಳ ಕಾಣದ ಬಾವಿ ಏಳು ವರ್ಷದ ಮಗುವಿಗೂ ಅರ್ಥ ಆಗುತ್ತದೆ. ಅದು ಕೊಂಬಿಗಿಂತ ಹೆಚ್ಚು ಹೆದರಿಸುತ್ತದೆ.

ಪೇಠೆಯ ಹಳಬ

ಮಗಳೇ, ನಿನ್ನ ಬಾವಿ, ನನ್ನ ನೆರೆ ಎರಡೂ ಒಂದೇ ಕಥೆಯಲ್ಲಿ ಬರಬಹುದು. ನೆರೆಗೆ ಹೆದರಿದವನು ನೀರನ್ನು ಕಟ್ಟಿ ಹಾಕುತ್ತಾನೆ. ಎಲ್ಲ ತೂಬು ಮುಚ್ಚುತ್ತಾನೆ. ಕೆಳಗಿನ ಬಾವಿ ಒಣಗುತ್ತವೆ. ಇದು ನಾವು ಕೆಲಸ ಮಾಡುವಾಗ ದಿನವೂ ನೋಡಿದ ಕಷ್ಟ: ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು. ಬಿಟ್ಟರೆ ಒಬ್ಬರ ಮನೆ ಮುಳುಗುತ್ತದೆ, ಹಿಡಿದರೆ ಇನ್ನೊಬ್ಬರ ಹೊಲ ಒಣಗುತ್ತದೆ.

ಇನ್ನೂ ಒಂದು. ಪಾನಶೇತ್ ಮಣ್ಣಿನ ಅಣೆಕಟ್ಟು, ಖಡಕವಾಸ್ಲಾ ಕಲ್ಲಿನದು. ನಿನ್ನವನ ಮೈ ಯಾವುದರಿಂದ ಆಗಿದೆ ಅಂತ ವಾಸ್ಕೋದ ಹುಡುಗ ಕೇಳಿದ್ದನಲ್ಲ.

ವಾಸ್ಕೋ ಬಾಲ್ಕನಿ

ಮಣ್ಣು ಮತ್ತು ಕಲ್ಲು! ಪುಣೆ ಕಡೆಯ ಕಪ್ಪು ಕಲ್ಲು ನಿಜವಾಗಿ ಕಪ್ಪೇ ಅಲ್ಲ. ಬಿಸಿಲಲ್ಲಿ ನೀಲಿ ಮಿಶ್ರಿತ ಬೂದು, ಒದ್ದೆಯಾದರೆ ಕಡು. ಅದನ್ನು ತೆಗೆದುಕೊಳ್ಳಿ ಅಕ್ಕ. ಬಿರುಕು ಬಿಟ್ಟ ಕೆಸರು ಕವಚ, ಒಳಗೆ ಕಲ್ಲು.

ಸೊಲ್ಲಾಪುರ ಚಾದರ

ನಾಲ್ಕು ದಿನ ಆಯಿತು. ಒಂಬತ್ತು ಥಂಬ್‌ನೇಲ್ ಮಾಡಿದೆ, ಎಲ್ಲ ಅಂಗೈಯಷ್ಟು ಸಣ್ಣವು, ಮೊದಲು ಬರೀ ಬೂದಿನಲ್ಲಿ. ಈಗ ಹೀಗಿದೆ.

ಅವನ ಕೊಂಬು ತೆಗೆದೆ. ಎರಡೂ ಭುಜದ ಮೇಲೆ ತೂಬಿನ ಬಾಗಿಲು, ಅರ್ಧ ಎತ್ತಿದ ಹಾಗೆ. ದೂರದಿಂದ ನೆರಳಿನಲ್ಲಿ ನೋಡಿದರೂ ಅವನು ಗೋಡೆಯ ಹಾಗೆ ಕಾಣುತ್ತಾನೆ. ಕವಚ ಒಣ ಕೆಸರಿನ ಕಂದು, ಬಿರುಕು ಬಿಟ್ಟದ್ದು. ಬಿರುಕಿನ ಒಳಗೆ ಧಾರಾಗೆ ಕೊಟ್ಟ ಅದೇ ಆಕಾಶ ನೀಲಿ, ಅವನು ಹಿಡಿದಿಟ್ಟ ನೀರು ಅದು. ಎದೆಯ ನಡುವೆ ಒಂದು ದುಂಡು ಕಪ್ಪು, ಅಜ್ಜಿಯ ಊರಿನ ಬಾವಿ. ಹಾಳೆಯಲ್ಲಿ ಅಷ್ಟು ಕಡು ಕಪ್ಪು ಇರುವುದು ಅದೊಂದೇ ಕಡೆ. ಎದೆಯ ಎತ್ತರಕ್ಕೆ ಮೈ ಸುತ್ತ ಒಂದು ಕೆಂಪು ಗೆರೆ ಎಳೆದೆ.

ಧಾರಾಳ ಸೂಟ್ ತೆಗೆದುಬಿಟ್ಟೆ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ತೊಳೆದು ತೊಳೆದು ಮಾಸಿದ ಬೂದು-ನೀಲಿ. ಬೂಟು ಇಲ್ಲ, ಬರಿಗಾಲು, ಪಾದಕ್ಕೆ ಅವನ ಕವಚದ ಕೆಸರೇ ಮೆತ್ತಿದೆ. ಮೊಣಕಾಲಿನ ಎತ್ತರಕ್ಕೆ ನೀಲಿ ಗೆರೆ. ಜೋರು ಆಕಾಶ ನೀಲಿ ಇರುವುದು ಅವಳ ಎರಡು ಅಂಗೈಯಲ್ಲಿ, ಅದನ್ನು ಮುಖದ ಹತ್ತಿರ ಎತ್ತಿ ಹಿಡಿದಿದ್ದಾಳೆ. ಮೈಬಣ್ಣ ಇಬ್ಬರದೂ ಒಂದೇ. ನನ್ನ ಕೈಯನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲಸಿದೆ.

ಒಂದು ತೊಂದರೆ. ಅವನ ಮುಖವೂ ಕವಚವೂ ಒಂದರೊಳಗೊಂದು ಸೇರಿಹೋಗುತ್ತಿವೆ.

ಥಾಣೆ ಲೋಕಲ್

ಓದುತ್ತಾ ಇದ್ದ ಹಾಗೆ ಕಣ್ಣ ಮುಂದೆ ಬಂತು. ಎಷ್ಟು ದೂರ ಬಂದೆ ನೋಡು.

ಮುಖ-ಕವಚ ಸೇರುವುದು ನಿಜ, ಕಂದಿನ ಪಕ್ಕ ಕಂದು. ಮೈಬಣ್ಣ ಮುಟ್ಟಬೇಡ. ಕವಚವನ್ನು ಎರಡು ಮೆಟ್ಟಿಲು ತಿಳಿ ಮಾಡು, ಒಣಗಿದ ಕೆಸರು ಹೇಗೂ ಬೂದಿಯ ಕಡೆ ಹೋಗುತ್ತದೆ. ಆ ತಿಳಿ ಕೆಸರಿನ ನಡುವೆ ಮುಖ ಕಡುವಾಗಿ, ಬೆಚ್ಚಗೆ ಎದ್ದು ಬರುತ್ತದೆ. ಒಂದು ಬಣ್ಣ ಹೇಗೆ ಕಾಣುತ್ತದೆ ಅನ್ನುವುದು ಪಕ್ಕದ ಬಣ್ಣದ ಮೇಲೆ ನಿಂತಿದೆ. ಫ್ರಾನ್ಸಿನಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಇದ್ದ, ಜಮಖಾನೆ ನೇಯುವ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡುತ್ತಿದ್ದ. ಕಪ್ಪು ದಾರ ಮಂಕಾಗಿ ಕಾಣುತ್ತದೆ ಅಂತ ದೂರು ಬಂದಾಗ ಹುಡುಕಿದರೆ, ತಪ್ಪು ಬಣ್ಣದ್ದಾಗಿರಲಿಲ್ಲ, ಪಕ್ಕದಲ್ಲಿ ನೇಯ್ದ ದಾರಗಳದ್ದಾಗಿತ್ತು. 1839ರಲ್ಲಿ ಅದನ್ನೇ ಪುಸ್ತಕ ಮಾಡಿದ. ನೀನು ಚಾದರದ ಊರಿನವಳು, ಇದು ನಿನಗೆ ಬೇಗ ಹಿಡಿಯುತ್ತದೆ.

ಮತ್ತೆ ಬೆಳಕು ಯಾವುದು ಅಂತ ನಿರ್ಧಾರ ಮಾಡು. ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಉಳಿಯುತ್ತದೆ. ರಾತ್ರಿ ದೃಶ್ಯ ಮಾಡಿದರೆ ಅವನ ಕೆಂಪು ಗೆರೆ ಹೋಗಿಬಿಡುತ್ತದೆ.

ಚೌಕಿಯ ದೀಪ

ಅದೇ ದೊಂದಿ ಬೆಳಕಾದರೆ ಪೂರ್ತಿ ಉಲ್ಟಾ. ಕೆಂಪು, ಹಳದಿ ಉರಿಯುತ್ತವೆ, ನೀಲಿ ಸತ್ತುಹೋಗುತ್ತದೆ. ನಮ್ಮ ವೇಷಗಳಲ್ಲಿ ಕೆಂಪು, ಹಳದಿ, ಕಪ್ಪು ಅಷ್ಟು ಜಾಸ್ತಿ ಇರುವುದಕ್ಕೆ ಆ ಬೆಳಕೂ ಒಂದು ಕಾರಣ ಅಂತ ನನಗನಿಸುತ್ತದೆ.

ಸೊಲ್ಲಾಪುರ ಚಾದರ

ಹಾಗಾದರೆ ಮಳೆ ನಿಂತ ಮೇಲಿನ ಸಂಜೆ ಇಡುತ್ತೇನೆ. ಮೋಡದ ಬೆಳಕು, ಎರಡು ಗೆರೆಯೂ ಉಳಿಯಬೇಕು.

ಹೆಸರು ಬದಲಾಯಿಸಬೇಕು. ಕಾಳಾಸುರ ಅಂತ ಇನ್ನು ಕರೆಯಲು ಮನಸ್ಸಾಗುತ್ತಿಲ್ಲ. "ಹೂಳು" ಅಂತ ಇಡಲಾ? ಕೆಸರೂ ಹೌದು, ಮುಚ್ಚಿಡುವುದೂ ಹೌದು. ಇಲ್ಲಾ "ಗಾಳ"? ಮರಾಠಿಯಲ್ಲಿ ಗಾಳ ಅಂದರೆ ಹೂಳೇ, ನಮಗೆ ಮೀನಿನ ಗಾಳ. ನನ್ನ ಕ್ಲಾಸಿನಲ್ಲಿ ಹೆಚ್ಚಿನವರು ಮರಾಠಿಯವರು.

ಪೇಠೆಯ ಹಳಬ

ಗಾಳ. ಮನೆ ತೊಳೆಯುವಾಗ ಓಣಿಯವರೆಲ್ಲ ಆ ಶಬ್ದವನ್ನೇ ಹೇಳುತ್ತಿದ್ದರು.

ದಾದರ್ ಆಫ್‌ಸೆಟ್

ಪ್ರೂಫ್ ಮರೆಯಬೇಡಮ್ಮ. ಕೆಸರಿನ ಕಂದು ಅಚ್ಚಿನಲ್ಲಿ ಬೇಗ ಕೆಂಪಿಗೆ ತಿರುಗುತ್ತದೆ, ಮೆಜೆಂಟಾ ಸ್ವಲ್ಪ ಇಳಿಸಿ ಕೊಡು.

ಸೊಲ್ಲಾಪುರ ಚಾದರ

ಗಾಳ ಅಂತಲೇ ಬರೆದೆ ಕಾಕಾ, ಹಾಳೆಯ ಕೆಳಗೆ, ಕನ್ನಡದಲ್ಲೂ ಮರಾಠಿಯಲ್ಲೂ. ಪ್ರೂಫ್ ಬಂತು. ಮೆಜೆಂಟಾ ಇಳಿಸಿದ್ದು ಸರಿಯಾಯಿತು, ಆದರೆ ಅಂಗೈಯ ನೀಲಿ ಇನ್ನೂ ಸ್ವಲ್ಪ ಮಂಕು. ಅದೊಂದನ್ನು ಇವತ್ತು ರಾತ್ರಿ ಸರಿ ಮಾಡಿ ಬೆಳಿಗ್ಗೆ ಮತ್ತೆ ತೆಗೆಸುತ್ತೇನೆ.